ಬೊಂಗ್‌ಸಿಮ್ ಬಿಡದ ಬಿಳಿ ಬಟ್ಟೆ

ಗುಮ್ ನದಿಯ ದಂಡೆಯ ಹೆಂಗಸರಿಗೆ ಕೆಳದುಟಿಯಲ್ಲೊಂದು ಜಡ್ಡು ಇರುತ್ತದೆ. ಬಟ್ಟೆ ನೇಯುವ ನಾರನ್ನು ಹಲ್ಲಿನಲ್ಲಿ ಸೀಳಿ ಸೀಳಿ ಕಟ್ಟಿದ್ದು. ಬೊಂಗ್‌ಸಿಮ್‌ಗೆ ಅದು ಮದುವೆಗೆ ಮೊದಲೇ ಬಂದಿತ್ತು. ಆದರೆ ನೇಯ್ಗೆ ಕಲಿಸಿದವಳು ಅತ್ತೆ. ಎಳೆ ತುಂಡಾದರೆ ಲಾಳಿಯಲ್ಲೇ ಇವಳ ತಲೆಗೆ ಕುಟ್ಟುತ್ತಿದ್ದಳು. ಬೊಂಗ್‌ಸಿಮ್‌ಳ ಗಂಡ ತೀರಿಕೊಂಡ ವರ್ಷ ಮಾತ್ರ ತನ್ನ ಬಟ್ಟಲಿನ ಅನ್ನವನ್ನು ಸೊಸೆಯ ಬಟ್ಟಲಿಗೆ ಸುರಿಯುತ್ತಿದ್ದಳು. ಆ ಅತ್ತೆ ಸತ್ತಾಗ ಬೊಂಗ್‌ಸಿಮ್ ತಾನೇ ನೇಯ್ದ ಬಿಳಿ ಬಟ್ಟೆ ಉಟ್ಟಳು. ಎರಡು ವರ್ಷದ ಸೂತಕ ಕಳೆಯುವ ತನಕ ಅದನ್ನು ಬಿಡುವಂತಿಲ್ಲ.

ಬಿಡಿಸಲೆಂದೇ ಸರ್ಕಾರ ಹೊರಟಿತ್ತು. ಜಪಾನಿಯರ ಆಳ್ವಿಕೆ; ಊರವರು ದಿನವೂ ಉಡುತ್ತಿದ್ದುದು ಬಿಳಿಯನ್ನೇ. ಈ ಜನಕ್ಕೆ ಬಿಳಿ ಬಟ್ಟೆ ಒಗೆಯುವುದರಲ್ಲೇ ಆಯುಷ್ಯ ಹೋಗುತ್ತದೆ, ಇನ್ನು ಬಣ್ಣದ್ದು ಉಡಲಿ ಎಂದು ಡಂಗುರ. ಸಂತೆಯ ಬಾಯಲ್ಲಿ ಗುಮಾಸ್ತನೊಬ್ಬ ಮಸಿ ತುಂಬಿದ ಪಿಚಕಾರಿ ಹಿಡಿದು ನಿಂತಿರುತ್ತಿದ್ದ.

ಅತ್ತೆಯ ಮೊದಲ ವರ್ಷದ ಎಡೆಗೆ ಒಣಮೀನು ಬೇಕಿತ್ತು. ಪಕ್ಕದ ಮನೆಯ ಸೊಚೊನ್ ಅಕ್ಕ ತನ್ನ ಕಂದು ಲಂಗ ತಂದು ಮುಂದಿಟ್ಟಳು.

"ಹೋಗಿ ಬರೋತನಕ ಹಾಕ್ಕೊಳ್ಳೇ. ಸತ್ತವರೇನು ಗೋರಿಯಿಂದ ಇಣುಕ್ತಾರಾ?"

"ನಮ್ಮತ್ತೆ ಇಣುಕ್ತಾಳೆ. ಬದುಕಿದ್ದಾಗಲೇ ಅವಳಿಗೆ ಗೋಡೆ ಆಚೇದು ಕಾಣ್ತಿತ್ತು."

ಬಿಳಿಯಲ್ಲೇ ಹೋದಳು. ಗುಮಾಸ್ತ ಆ ಸೀಮೆಯವನೇ, ಮೀಸೆ ಈಗಷ್ಟೇ ಚಿಗುರಿದವನು.

"ಏ ಮುದುಕಿ, ಈ ಕಡೆ ಬಾ."

"ಯಾವ ಮನೆತನದ ಕೂಸೋ ನೀನು? ನಿಮ್ಮಪ್ಪ ಸತ್ತರೆ ಹಸಿರು ಉಟ್ಕೊಂಡು ಅಳ್ತೀಯಾ?"

ಸುತ್ತಲಿನವರು ನಕ್ಕರು. ಅವನ ಕಿವಿ ಕೆಂಪಾಯಿತು. ಅವಳ ಎದೆಯಿಂದ ಲಂಗದ ಅಂಚಿನವರೆಗೆ ಮಸಿ ರಪ್ಪನೆ ಬಿತ್ತು.

ಬೊಂಗ್‌ಸಿಮ್ ಓಡಲಿಲ್ಲ. ಅಲ್ಲೇ ಕೆಸರಿನಲ್ಲಿ ಕುಳಿತು, "ಅಯ್ಗೊ, ಅಯ್ಗೊ" ಎಂದು ರಾಗವೆತ್ತಿದಳು. ಅದು ಬರೀ ಅಳುವಲ್ಲ, ಸಾವಿನ ಮನೆಯಲ್ಲಿ ಬಂದವರೆದುರು ಎತ್ತುವ ರಾಗ. ಅದನ್ನು ಕೇಳಿಯೂ ನಮಸ್ಕರಿಸದೆ ಮುಂದೆ ಹೋದವರು ಆ ಊರಲ್ಲಿಲ್ಲ. ಮೀನು ಮಾರುವ ಮುದುಕ ಕೈ ಒರೆಸಿಕೊಂಡು ಬಂದ, ಅವಳೆದುರು ಹಣೆ ನೆಲಕ್ಕೆ ಹಚ್ಚಿದ. ಅವನ ಹಿಂದೆ ಉಪ್ಪಿನವನು. ಅವನ ಹಿಂದೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಹೆಂಗಸು. ಬಾಗಿದ ಬೆನ್ನುಗಳೆಲ್ಲ ಬಿಳಿ.

"ಏಳ್ರೋ! ಇಲ್ಲೆಲ್ಲಿದೆ ಹೆಣ?" ಗುಮಾಸ್ತ ಕಿರುಚಿದ.

"ಸೂತಕದವರ ಮುಂದೆ ಹಾಗೆ ಸೆಟೆದು ನಿಲ್ಲಬಾರದಪ್ಪ," ಎಂದ ಮುದುಕ, ತಲೆ ಎತ್ತದೆ. "ಬಗ್ಗು."

ಅವನು ಬಗ್ಗಲಿಲ್ಲ. ಸಿಕ್ಕ ಸಿಕ್ಕ ಬೆನ್ನಿಗೆ ಮಸಿ ಎರಚಿದ. ಯಾರೂ ಅಲುಗಲಿಲ್ಲ. ಪಿಚಕಾರಿ ಬರಿದಾಯಿತು, ಸಾಲು ಮುಗಿಯಲಿಲ್ಲ.

ಮೀನು ಹಿಡಿದು ಮನೆಗೆ ಬಂದವಳನ್ನು ನೋಡಿ ಸೊಚೊನ್ ಅಕ್ಕ ಎದೆ ಬಡಿದುಕೊಂಡಳು. "ಬೂದಿನೀರಲ್ಲಿ ಕುದಿಸೋಣ ಕೊಡೇ. ಅರ್ಧಕ್ಕರ್ಧ ಹೋಗುತ್ತೆ."

"ಯಾಕೆ ಕುದಿಸ್ಬೇಕು? ಇದು ಬಿಳಿ ಬಟ್ಟೇನೇ ಅಕ್ಕ. ಮಸಿ ಅವರದು."

ಮರುದಿನ ಬೆಳಿಗ್ಗೆ ಅದನ್ನೇ ಉಟ್ಟು ಎಡೆಯಿಟ್ಟಳು. ಸೂತಕದ ಉಳಿದ ವರ್ಷವನ್ನೂ ಅದರಲ್ಲೇ ಕಳೆದಳು, ಒಂದು ಸಂತೆಯನ್ನೂ ತಪ್ಪಿಸದೆ.