ಉಪ್ಪು ಬಿಟ್ಟ ಅಕ್ಕ

ಅವತ್ತು ಶುಕ್ರವಾರ. ಹುಣಸೆಹಣ್ಣು ಹಚ್ಚಿ ದೇವರ ದೀಪ, ಆರತಿ ತಟ್ಟೆ ತಿಕ್ಕುತ್ತಿದ್ದೆ. ಫೋನು ಎರಡು ಸಲ ಹೊಡೆದುಕೊಂಡು ನಿಂತಿತು. ಮೂರನೇ ಸಲಕ್ಕೆ ಸೆರಗಿಗೆ ಕೈ ಒರೆಸಿಕೊಂಡು ಎತ್ತಿದೆ. ಮಂಕಿಯಿಂದ, ನನ್ನ ಅಕ್ಕನ ಪಕ್ಕದ ಮನೆಯ ಸೊಸೆ. ಅವಳು ಆ ಊರಿನ ಆಶಾ ಕಾರ್ಯಕರ್ತೆ.

"ಚಿಕ್ಕಮ್ಮ, ಒಂಚೂರು ಬಂದು ಹೋಗಿ. ದೊಡ್ಡಮ್ಮ ಬೆಳಿಗ್ಗೆಯಿಂದ ನಾಲ್ಕು ಸೀರೆ ಒಗೆದು ಹಾಕಿದ್ದಾರೆ. ಕೇಳಿದ್ರೆ ಎಂತ ಇಲ್ಲ ಅಂತಾರೆ."

ಒಗೆದದ್ದು ಒಣಗದ ಮಳೆಗಾಲದಲ್ಲಿ ಯಾರು ಸುಮ್ಮನೆ ನಾಲ್ಕು ಸೀರೆ ಒಗೆಯುತ್ತಾರೆ? ಅಕ್ಕ ಮಡಿಯ ಹೆಂಗಸು. ಕಕ್ಕಸಿಗೆ ಹೋಗಿ ಬಂದರೆ ಮೈಗೆ ನೀರು ಹೊಯ್ದುಕೊಂಡು ಸೀರೆ ಬದಲಿಸದೆ ಒಲೆ ಮುಟ್ಟುವವಳಲ್ಲ. ನಾಲ್ಕು ಸೀರೆ ಅಂದರೆ ಮನೆಯಲ್ಲಿದ್ದ ಸೀರೆಯೆಲ್ಲ ಮುಗಿಯಿತು ಎಂದೇ ಅರ್ಥ.

ದೀಪಗಳನ್ನು ಹಾಗೇ ಬಿಟ್ಟು ಕುಮಟೆಯ ಬಸ್‌ಸ್ಟ್ಯಾಂಡಿಗೆ ಬಂದೆ. ಮಂಕಿಗೆ ಹೋಗಬೇಕಾದರೆ ಹತ್ತಬೇಕಾದದ್ದು ಭಟ್ಕಳದ ಬಸ್ಸು. ಭಟ್ಕಳದಲ್ಲಿ ನನ್ನ ಮಗಳಿದ್ದಾಳೆ. ತನಗೆ ಬೇಕಾದವನನ್ನು ಮದುವೆಯಾದಳು. ಆ ಹೊತ್ತಿಗೆ ನಾನೊಂದು ಮಾತು ಆಡಿದೆ, ಅವಳೊಂದು ಆಡಿದಳು. ಮೂರು ವರ್ಷವಾಯಿತು, ಅವಳ ದನಿ ಕೇಳಿಲ್ಲ. ಯಜಮಾನರು ಅದಕ್ಕೂ ಮೊದಲೇ ಹೋಗಿದ್ದರು. ಬಾಡಿಗೆ ಮನೆಯಲ್ಲಿ ನಾನೊಬ್ಬಳೇ. ಎಷ್ಟು ಸಲ ಅದೇ ಬಸ್ಸಿನಲ್ಲಿ ಕೂತಿದ್ದೇನೆ, ಪ್ರತಿ ಸಲ ಮಂಕಿಯಲ್ಲಿ ಇಳಿದಿದ್ದೇನೆ. ಅವತ್ತು ಕಿಟಕಿ ಪಕ್ಕದಲ್ಲಿ ಸೋರದ ಸೀಟು ಸಿಕ್ಕಿತು. ಮಳೆಯಲ್ಲಿ ಅದೂ ದೇವರ ಕೃಪೆಯೇ.

ಅಕ್ಕ ಚಾಪೆಯ ಮೇಲೆ ಮೊಣಕಾಲು ಮಡಚಿಕೊಂಡು ಮಲಗಿದ್ದಳು. ಅವಳಿಗೆ ಮಕ್ಕಳಿಲ್ಲ, ಭಾವನೂ ಇಲ್ಲ. ಕಣ್ಣು ಒಳಗೆ ಹೋಗಿತ್ತು. ಹಣೆ ಮುಟ್ಟಿದರೆ ಕಾದ ಕಾವಲಿ.

"ಯಾರು ಹೇಳಿದ್ದು ನಿನಗೆ? ಆ ಆಶಾ ಅಲ್ವಾ? ಊರಿನ ಸೀರೆ ಎಣಿಸೋದೇ ಅವಳ ಡ್ಯೂಟಿ," ಎಂದಳು. ದನಿಯಲ್ಲಿ ಜೀವ ಇರಲಿಲ್ಲ.

"ಎಷ್ಟು ದಿವಸ ಆತು?"

"ಮೊನ್ನೆಯಿಂದ. ಉಷ್ಣ ಆಗಿದ್ದು ತಂಗಿ. ಮೆಡಿಕಲ್ಲಿನಿಂದ ಭೇದಿ ನಿಲ್ಲುವ ಮಾತ್ರೆ ತರಿಸಿ ತಗೊಂಡಿದ್ದೆ. ಎಳನೀರು ಕುಡಿದೆ. ಕಡಿಮೆ ಆಗ್ತದೆ."

ಹಿತ್ತಿಲ ಬಚ್ಚಲಿನಲ್ಲಿ ಒಂದು ಲಂಗ ನೆನೆಹಾಕಿತ್ತು. ಎತ್ತಿ ನೋಡಿದೆ. ಸಿಂಬಳದಂತೆ ಲೋಳೆ, ಅದರಲ್ಲಿ ರಕ್ತ. ಆಶಾ ಹಿಂದೆಯೇ ನಿಂತಿದ್ದಳು.

"ಇದು ಉಷ್ಣ ಅಲ್ಲ ಚಿಕ್ಕಮ್ಮ, ಆಮಶಂಕೆ. ಕರುಳಿಗೇ ಸೋಂಕು ಹತ್ತಿದೆ. ಜ್ವರ, ಹೊಟ್ಟೆಮುರಿತ, ರಕ್ತ, ಮೂರೂ ಇದೆ. ಇಂಥದ್ದಕ್ಕೆ ಭೇದಿ ಕಟ್ಟುವ ಮಾತ್ರೆ ತಗೊಳ್ಳಬಾರದು, ಒಳಗಿನ ಕೊಳೆ ಒಳಗೇ ನಿಲ್ತದೆ. ಹೊನ್ನಾವರ ಆಸ್ಪತ್ರೆಗೆ ಹೋಗಲೇಬೇಕು. ರಿಕ್ಷಾಕ್ಕೆ ಹೇಳಿದ್ದೇನೆ, ಬರುವ ತನಕ ಇದನ್ನು ಕುಡಿಸಿ," ಎಂದು ಓಆರ್‌ಎಸ್ ಪೊಟ್ಟಣ ಕೊಟ್ಟಳು. ಅಕ್ಕನ ಕೈಯ ಹಿಂಬದಿಯ ಚರ್ಮ ಚಿವುಟಿ ತೋರಿಸಿದಳು. ಮಡಿಕೆ ಮಡಿಕೆಯಾಗಿಯೇ ನಿಂತಿತು. "ಮೈಯಲ್ಲಿ ನೀರೇ ಇಲ್ಲ. ಮೂತ್ರ ಎಷ್ಟೊತ್ತಿಗೆ ಹೋದದ್ದು ದೊಡ್ಡಮ್ಮ?" ಅಕ್ಕನಿಗೆ ನೆನಪಿರಲಿಲ್ಲ.

ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಇಡೀ ಪೊಟ್ಟಣ ಸುರಿದು ಕದಡಿದೆ. ಚಮಚದಲ್ಲಿ ಬಾಯಿಗೆ ಬಿಟ್ಟೆ. ಅಕ್ಕ ತುಪಕ್ಕನೆ ಉಗಿದಳು.

"ಉಪ್ಪಿದೆ ಇದರಲ್ಲಿ!"

"ಇರದೆ ಎಂತ? ಅದಕ್ಕೇ ಕೊಡೋದು."

"ನಾನು ಉಪ್ಪು ಬಿಟ್ಟಿದ್ದೇನೆ. ಆಷಾಢ ಏಕಾದಶಿಯಿಂದ."

"ಸಾಯ್ತೀಯಲ್ಲೇ! ಯಾವ ದೇವರು ಕೇಳಿದ ನಿನ್ನ ಹತ್ತಿರ ಉಪ್ಪು?"

ಅಕ್ಕ ಗೋಡೆ ಕಡೆ ತಿರುಗಿದಳು. ಆಮೇಲೆ ಹೇಳಿದಳು: "ನಿನ್ನ ಮಗಳು ಒಂದು ಸಲ ನಿನಗೆ ಫೋನ್ ಮಾಡಲಿ, ಆ ದಿನವೇ ಉಪ್ಪು ಮುಟ್ತೇನೆ ಅಂತ ಹರಕೆ ಹೊತ್ತಿದ್ದೆ. ನೀನು ಗೌರಿಹಬ್ಬಕ್ಕೂ ಒಬ್ಬಳೇ ಪಾಯಸ ಮಾಡಿ ಒಬ್ಬಳೇ ತಿಂತೀಯ. ನನಗೆ ನೋಡಲಾಗೋದಿಲ್ಲ."

ತಿಂಗಳುಗಟ್ಟಲೆ ಸಪ್ಪೆ ಗಂಜಿ ಉಂಡಿದ್ದಳು. ಫೋನಿನಲ್ಲಿ ದಿನಾ ಮಾತಾಡುತ್ತಿದ್ದೆವು, ಇವತ್ತೆಂತ ಸಾರು ಅಂತ ಕೇಳುತ್ತಿದ್ದೆ, ಏನೋ ಒಂದು ಹೆಸರು ಹೇಳುತ್ತಿದ್ದಳು. ನನಗೆ ಅದು ಗೊತ್ತೇ ಆಗಲಿಲ್ಲ. ಬೈದೆ, ಕೈಮುಗಿದೆ. ತುಟಿ ಬಿಗಿಹಿಡಿದಳು. ಹೊಟ್ಟೆ ಮುರಿದು ನರಳಿದಾಗಲೂ ಬಾಯಿ ತೆರೆಯಲಿಲ್ಲ. ಸಕ್ಕರೆ ನೀರಾದರೆ ಕುಡಿಯುತ್ತಾಳಂತೆ. ಆಶಾ ತಲೆ ಅಲ್ಲಾಡಿಸಿದಳು, ಉಪ್ಪಿಲ್ಲದೆ ನೀರು ಮೈಯಲ್ಲಿ ನಿಲ್ಲುವುದಿಲ್ಲ.

ನಾನು ದಿನಾ ದೇವರಿಗೆ ದೀಪ ಹಚ್ಚುವವಳು. ಸುಳ್ಳು ಹೇಳಿದ್ದು ಕಡಿಮೆ, ಹೇಳಿದರೆ ಮುಖದಲ್ಲೇ ಗೊತ್ತಾಗುತ್ತದೆ. ಆದರೆ ಅಕ್ಕ ಗೋಡೆ ಕಡೆ ತಿರುಗಿದ್ದಳು.

"ಫೋನ್ ಬಂತು ಅಕ್ಕ," ಎಂದೆ. "ನಿನ್ನೆ ರಾತ್ರಿ. ಅದನ್ನೇ ಹೇಳೋಣ ಅಂತ ಬಂದದ್ದು. ನಿನ್ನ ಈ ಅವತಾರ ನೋಡಿ ಮರೆತೇ ಹೋಯ್ತು."

ಅಕ್ಕ ನಿಧಾನ ತಿರುಗಿದಳು. "ದೇವರಾಣೆ?"

"ದೇವರಾಣೆ."

"ಎಂತ ಹೇಳಿದ್ಳು?"

ಅದನ್ನು ನಾನು ಯೋಚಿಸಿರಲಿಲ್ಲ. ಮಗಳು ಫೋನು ಮಾಡಿದರೆ ಏನು ಹೇಳಿಯಾಳು? ಮೂರು ವರ್ಷದಿಂದ ಅದನ್ನೇ ನೆನೆಸಿಕೊಳ್ಳುತ್ತಿದ್ದವಳಿಗೆ ಆ ಹೊತ್ತಿಗೆ ಒಂದು ಮಾತೂ ಹೊಳೆಯಲಿಲ್ಲ.

"ಆಯಿ, ಅಲ್ಲಿ ಮಳೆ ಜೋರಿದ್ಯಾ ಅಂತ ಕೇಳಿದ್ಳು. ಊಟ ಆಯ್ತಾ ಅಂದ್ಳು. ದೊಡ್ಡಾಯಿ ಹೇಗಿದ್ದಾಳೆ ಅಂದ್ಳು."

"ನನ್ನ ಕೇಳಿದ್ಳಾ?"

ಅಕ್ಕ ಅತ್ತಳು. ಮುಖ ಅತ್ತಿತು, ಕಣ್ಣಲ್ಲಿ ನೀರು ಬರಲಿಲ್ಲ. ಮೈಯಲ್ಲಿ ನೀರಿದ್ದರಲ್ಲವೇ. ಆಮೇಲೆ ಬಾಯಿ ತೆರೆದಳು. ಚಮಚ ಚಮಚವಾಗಿ ಅರ್ಧ ಲೋಟ ಒಳಗೆ ಹೋಯಿತು. "ಸುಳ್ಳು ನನ್ನದು, ಹರಕೆ ಮುರಿದ ಪಾಪ ಅಕ್ಕನ ತಲೆಮೇಲೆ ಹಾಕಬೇಡ," ಎಂದು ಮನಸ್ಸಿನಲ್ಲೇ ದೇವರಿಗೆ ಹೇಳಿದೆ. ಅಷ್ಟರಲ್ಲಿ ರಿಕ್ಷಾ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಾಲಿಗೆ ನೋಡಿದರು, ಹೊಟ್ಟೆ ಅಮುಕಿದರು, ಮಲ ಪರೀಕ್ಷೆಗೆ ಕಳಿಸಿದರು. ಡ್ರಿಪ್ ಹಾಕಿದರು. ರಕ್ತದಲ್ಲಿ ಉಪ್ಪಿನ ಅಂಶ ಇಳಿದಿದೆ ಎಂದರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತಂತೆ. ಎಲ್ಲ ಭೇದಿಗೂ ಆ್ಯಂಟಿಬಯೋಟಿಕ್ ಬೇಡ, ಇದಕ್ಕೆ ಬೇಕು, ರಕ್ತ ನಿಂತರೂ ಕೊಟ್ಟಷ್ಟು ದಿನ ಪೂರ್ತಿ ನುಂಗಬೇಕು ಎಂದು ಎರಡೆರಡು ಸಲ ಹೇಳಿದರು. "ಬಾವಿ ನೀರು ಕುದಿಸಿ ಕುಡೀತೀರಾ?" ಎಂದು ಕೇಳಿದರು.

"ನಮ್ಮ ಬಾವಿ ನೀರು ಗಂಗೆ," ಎಂದಳು ಅಕ್ಕ.

"ಮಳೆಗೆ ಗಂಗೆಗೂ ಕೊಳಚೆ ಇಳೀತದೆ ಅಮ್ಮ," ಎಂದರು ಡಾಕ್ಟರಮ್ಮ.

ಅವತ್ತು ಮಧ್ಯಾಹ್ನದ ಮೇಲೆ ಅಕ್ಕ ಮೂತ್ರಕ್ಕೆ ಹೋಗಬೇಕು ಅಂದಳು. ಇಂಥದ್ದಕ್ಕೂ ಕೈಮುಗಿಯುವ ದಿನ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮೂರನೇ ದಿನ ಜ್ವರ ಬಿಟ್ಟಿತು, ರಕ್ತ ನಿಂತಿತು. ನಾಲ್ಕನೇ ದಿನ ಮನೆಗೆ ಕರೆತಂದೆ. ಗಂಜಿಗೆ ಉಪ್ಪು ಹಾಕಿ ಕೊಟ್ಟರೆ ಕಣ್ಣುಮುಚ್ಚಿ ಉಂಡಳು. ಇನ್ನೊಂದು ಚೂರು ಹಾಕು ಅಂದಳು. ಆ ನಾಲ್ಕು ದಿನವೂ ಮಗಳ ಫೋನಿನ ಮಾತನ್ನು ತಿರುತಿರುಗಿ ಕೇಳಿಸಿಕೊಂಡಳು. ನಾನು ಪ್ರತಿ ಸಲ ಹೇಳಿದೆ. ಹೇಳುತ್ತ ಹೇಳುತ್ತ ಒಂದೆರಡು ಮಾತು ಹೆಚ್ಚೇ ಆಯಿತು.

ಹೊರಡುವಾಗ ಅಕ್ಕ ಜಗುಲಿಯಿಂದ ಕೂಗಿದಳು: "ಈಗ ನೀನು ಮಾಡೇ ಫೋನು. ಅವಳು ಒಂದು ಹೆಜ್ಜೆ ಇಟ್ಟಳು. ನೀನು ಇಡೋದು ಬೇಡ್ವಾ?"

ಸಿಕ್ಕಿದ್ದು ಹೊನ್ನಾವರದ ತನಕದ ಬಸ್ಸು, ಅಲ್ಲಿ ಬದಲಿಸಬೇಕಿತ್ತು. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಮಗಳ ನಂಬರು ಒತ್ತಿದೆ. ಮೂರು ವರ್ಷದಲ್ಲಿ ನಾನಾದರೂ ಯಾವಾಗ ಮಾಡಿದ್ದೆ? ಮಳೆ ಜೋರಿದ್ಯಾ ಅಂತಲೇ ಕೇಳುವುದು ಎಂದುಕೊಂಡೆ. ರಿಂಗಾಯಿತು. ಪೂರ್ತಿ ಆಗಿ ನಿಂತಿತು. ಎತ್ತಲಿಲ್ಲ. ಎತ್ತದಿದ್ದರೂ, ನಂಬರು ಬದಲಾಗಿಲ್ಲ ಎಂದಾಯಿತು. ಅಷ್ಟಾದರೂ ಉಳಿಸಿದ್ದಾನೆ ದೇವರು.

ಕುಮಟೆಗೆ ಬಂದು ಬಾಗಿಲು ತೆಗೆದರೆ ಮನೆಯೊಳಗೆ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಕಿಟಕಿ ತೆರೆದೆ. ಫೋನನ್ನು ಎದುರಿಗೆ ಇಟ್ಟುಕೊಂಡು, ಅಕ್ಕ ಕಟ್ಟಿಕೊಟ್ಟಿದ್ದ ಬಸಳೆ ಸೊಪ್ಪು ಬಿಡಿಸಲು ಕೂತೆ.