ಇಪ್ಪತ್ತನಾಲ್ಕರ ತಂಪು

ಷಡ್ಡಕರಿಬ್ಬರು ಒಟ್ಟಿಗೇ ಕಾರು ಕೊಂಡರೆ ಅವರ ಹೆಂಡಂದಿರ ಗತಿ ಏನಾಗುತ್ತದೆ ಎಂದು ಯಾರಾದರೂ ನನ್ನನ್ನು ಕೇಳಬೇಕು. ನನ್ನ ಗಂಡನಿಗೂ ನನ್ನ ಅಕ್ಕನ ಗಂಡನಿಗೂ ಐವತ್ತು ದಾಟಿದ ಮೇಲೆ ಒಂದೇ ಸಲ ಹುಚ್ಚು ಹಿಡಿಯಿತು. ಶುಂಠಿಗೆ ಬೆಲೆ ಬಂದ ವರ್ಷ ಅದು. ಬೇರೆಯವರು ಬೋರು ಕೊರೆಸಿದರು, ಟ್ರ್ಯಾಕ್ಟರು ಬದಲಾಯಿಸಿದರು. ಇವರಿಬ್ಬರು ಹುಬ್ಬಳ್ಳಿಗೆ ಹೋಗಿ ಎರಡು ಹಳೆಯ ಸ್ಪೋರ್ಟ್ಸ್ ಕಾರು ತಂದರು. ಒಂದೇ ಕಂಪನಿಯವು, ಎರಡೇ ಬಾಗಿಲಿನವು, ನೆಲಕ್ಕೆ ಮೂಗು ತಾಗಿಸಿಕೊಂಡು ನಿಲ್ಲುವಂಥವು. ಶಿರಾಳಕೊಪ್ಪದ ಹಂಪ್ಸ್ ದಾಟುವಾಗ ಎರಡೂ ಹೊಟ್ಟೆ ಉಜ್ಜಿಕೊಂಡು ನರಳುತ್ತವೆ. ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರಿನ ಹಿಂದೆ ಬಿದ್ದರೆ ಅವುಗಳ ಓಟವೂ ಟ್ರ್ಯಾಕ್ಟರಿನ ಓಟವೇ. ಶಿಕಾರಿಪುರದಿಂದ ಆನವಟ್ಟಿವರೆಗೆ ಮುಂದೆ ಟ್ರ್ಯಾಕ್ಟರು ಇಲ್ಲದ ರಸ್ತೆಯನ್ನು ನಾನಂತೂ ಕಂಡಿಲ್ಲ.

ಓಡಿಸಲು ಜಾಗವೇ ಇಲ್ಲದ್ದರಿಂದ ಇಬ್ಬರೂ ವೇಗದ ಬಗ್ಗೆ ಜಗಳಾಡಲಿಲ್ಲ. ಜಗಳಾಡಿದ್ದು ಎ.ಸಿ. ಬಗ್ಗೆ.

ನನ್ನ ಗಂಡನದು ಮೊದಲ ಕಾಲದ ಮಾದರಿ. ಅದರಲ್ಲಿ ಮೂರು ನಾಬು. ಒಂದು ಗಾಳಿಯ ಜೋರಿಗೆ, ಒಂದು ಗಾಳಿ ಮುಖಕ್ಕೋ ಕಾಲಿಗೋ ಎಂದು ತಿರುಗಿಸಲಿಕ್ಕೆ, ಮತ್ತೊಂದು ನೀಲಿಯಿಂದ ಕೆಂಪಿಗೆ. ಅಂಕಿ ಗಿಂಕಿ ಏನೂ ಇಲ್ಲ. ಭಾವನದು ಸ್ವಲ್ಪ ಆಮೇಲಿನದು. ಅದರಲ್ಲಿ ನಾಬುಗಳ ಜಾಗದಲ್ಲಿ ಪುಟ್ಟ ಪರದೆ, ಪರದೆಯಲ್ಲಿ ಹಸಿರು ಅಂಕಿ, ಪಕ್ಕದಲ್ಲಿ ‘ಆಟೋ’ ಎಂಬ ಬಟನ್. ಇಪ್ಪತ್ತನಾಲ್ಕು ಎಂದು ಇಟ್ಟರೆ ಮುಗಿಯಿತು, ಪರದೆಯ ಕೆಳಗಿನ ಸಣ್ಣ ಜಾಲರಿಯ ಹಿಂದೆ ಸೆನ್ಸರ್ ಕೂತಿರುತ್ತದೆ, ಅದು ಒಳಗಿನ ಗಾಳಿಯನ್ನು ಮೂಸಿ ನೋಡಿ ಎಷ್ಟು ಬಿಸಿ ಬಿಡಬೇಕು, ಎಷ್ಟು ತಂಪು ಬಿಡಬೇಕು ಎಂದು ತಾನೇ ತೀರ್ಮಾನಿಸುತ್ತದೆ ಎಂದು ಭಾವ ಹಬ್ಬ ಹುಣ್ಣಿಮೆಗೆಲ್ಲ ಪ್ರವಚನ ಕೊಡುತ್ತಿದ್ದರು.

“ನಿಮ್ದು ಒಲೆ ಊದೋ ಕೊಳವಿ ಕಣ್ರೀ. ನಂದು ಕುಂತಲ್ಲೇ ಎಲ್ಲಾ ನೋಡ್ಕೊಂತೈತೆ,” ಎಂದು ಭಾವ ಅನ್ನುವುದು.

“ಅದು ನೋಡ್ಕೊಂಡ್ರೆ ನೀವ್ಯಾಕೆ ಬೇಕ್ರೀ ಒಳಗೆ? ಹದ ಅನ್ನೋದು ಕೈಯಾಗೆ ಇರ್ತೈತೆ,” ಎಂದು ನನ್ನ ಗಂಡ ಅನ್ನುವುದು.

ನನ್ನ ಗಂಡನೇನು ಕಡಿಮೆಯವರಲ್ಲ. ಅವರ ಎಡಗೈ ಗೇರಿನ ಮೇಲೆ ಇದ್ದದ್ದಕ್ಕಿಂತ ನಾಬಿನ ಮೇಲೆ ಇದ್ದದ್ದೇ ಹೆಚ್ಚು. ಸಾರಿಗೆ ಉಪ್ಪು ಹಾಕುವವರ ಹಾಗೆ ಒಂದು ಚಿಟಿಕೆ ಆ ಕಡೆ, ಒಂದು ಚಿಟಿಕೆ ಈ ಕಡೆ. ಮನೆಯಲ್ಲಿ ಮೂವತ್ತು ವರ್ಷದಿಂದ ಒಂದು ಸಲವೂ ಸಾರಿಗೆ ಉಪ್ಪು ಹಾಕದ ಮನುಷ್ಯ! ಬೇರೆಯವರು ಮುಟ್ಟಿದರೆ ಹದ ಕೆಡುತ್ತದಂತೆ. ಕೆಂಪು ಬದಿಗಂತೂ ಈ ಸೀಮೆಯಲ್ಲಿ ಯಾರೂ ತಿರುಗಿಸಿದ್ದಿಲ್ಲ, ಆದರೂ ಅದರ ಮೇಲೊಂದು ಕಣ್ಣಿಟ್ಟೇ ಇರುತ್ತಿದ್ದರು.

ಹೀಗೆ ಮುಂದಿನ ಸೀಟಿನಲ್ಲಿ ಇಬ್ಬರು ಗಂಡಸರು ಗಾಳಿಯ ಶಾಸ್ತ್ರ ಮಾತಾಡುವಾಗ, ಹಿಂದೆ ಮಕ್ಕಳಿಗೂ ಸಾಲದ ಜಾಗದಲ್ಲಿ ಅಕ್ಕ ನಾನು ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂರುತ್ತಿದ್ದೆವು. ಹಿಂದಕ್ಕೆ ಗಾಳಿಯ ಕಿಂಡಿಯೇ ಇಲ್ಲ. ಆಟೋ ಆದರೇನು, ನಾಬು ಆದರೇನು, ನಮ್ಮ ಪಾಲಿಗೆ ಬರುತ್ತಿದ್ದದ್ದು ಇವರ ಮಾತು ಮಾತ್ರ.

ಆಗಲೇ ಅಕ್ಕನಿಗೆ ಮೈ ಕಾಯತೊಡಗಿದ್ದು. ಮುಟ್ಟು ನಿಲ್ಲುವ ವಯಸ್ಸು. ಕೂತಿದ್ದವಳು ಒಮ್ಮೆಲೇ ಕೆಂಪಾಗುತ್ತಿದ್ದಳು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಹಿತ್ತಲಿನ ನೀರಿನ ತೊಟ್ಟಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. “ಎದಿಯಿಂದ ಬೆಂಕಿ ಎದ್ದು ಕಿವಿಗೆ ಬಂದಂಗಾಗ್ತೈತೆ ಕಣೆ,” ಎಂದು ನನ್ನ ಹತ್ತಿರ ಹೇಳಿದ್ದಳು. ನಮ್ಮವ್ವನಿಗೂ ಹಾಗೇ ಆಗುತ್ತಿತ್ತು. ನಮ್ಮ ತವರಿನಲ್ಲಿ ಕುರಿ ಸಾಕುತ್ತಿದ್ದರು. ಬಿಸಿಲೇರಿದರೆ ಕುರಿಗಳು ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿ ನಿಂತುಬಿಡುತ್ತಿದ್ದವು. ನಿನಗೆ ನಿಜವಾಗಿ ಸೆಕೆಯಾಗಿದೆಯೇ ಎಂದು ನಮ್ಮಪ್ಪ ಯಾವ ಕುರಿಯನ್ನೂ ಕೇಳಿದ್ದು ನಾನು ಕಂಡಿಲ್ಲ.

ಭಾವ ಕೇಳಿದರು. ಮನೆಯಲ್ಲಿ ಅವಳು ಸೆಕೆ ಎಂದರೆ ಬಿಸಿಲು ಐತೆ ಎಂದಾದರೂ ಅನ್ನುತ್ತಿದ್ದರು. ಕಾರಿನಲ್ಲಿ ಅವರ ಹತ್ತಿರ ಸಾಕ್ಷಿ ಇತ್ತು. “ಇಪ್ಪತ್ನಾಲ್ಕು ಐತೆ, ಕಣ್ಣು ಕಾಣಲ್ಲೇನು? ಇಪ್ಪತ್ನಾಲ್ಕರಾಗೆ ಸೆಕೆ ಎಲ್ಲಿಂದ ಬರ್ತೈತೆ?” ಎಂದು ಬೆರಳಿನಿಂದ ಪರದೆ ತಟ್ಟಿ ತೋರಿಸುತ್ತಿದ್ದರು. ಇಪ್ಪತ್ತನಾಲ್ಕರಲ್ಲಿ ಸೆಕೆಯಾಗಬಾರದು, ಇವಳಿಗೆ ಆಗುತ್ತಿದೆ, ಆದ್ದರಿಂದ ದೋಷ ಇವಳ ತಲೆಯಲ್ಲಿದೆ ಎಂದು ಕೊನೆಗೆ ಅವರೇ ತೀರ್ಪು ಕೊಟ್ಟು, ಶಿವಮೊಗ್ಗದಲ್ಲಿ ಮನಸ್ಸಿನ ಡಾಕ್ಟರ ಹತ್ತಿರ ಗುರುವಾರಕ್ಕೆ ಹೆಸರು ಬರೆಸಿ ಬಂದರು. ಮನಸ್ಸಿನ ಡಾಕ್ಟರ ಹತ್ತಿರ ಹೋಗುವುದರಲ್ಲಿ ನಾಚಿಕೆಯೇನಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಆ ವಾರ ಅಕ್ಕ ಫೋನು ಮಾಡಿ ಮೆಲ್ಲಗೆ, “ಖರೇ ಹೇಳು, ಇವತ್ತು ಸೆಕೆ ಐತಾ?” ಎಂದು ಕೇಳಿದಳು. ತನ್ನ ಮೈಗೆ ಏನಾಗುತ್ತಿದೆ ಎಂದು ತಿಳಿಯಲು ಅವಳಿಗೆ ಇನ್ನೊಬ್ಬರನ್ನು ಕೇಳಬೇಕಾಗಿ ಬಂದಿತ್ತು. ಫೋನು ಇಟ್ಟ ಮೇಲೆ ಭಾವನನ್ನು ಬಾಯಿಗೆ ಬಂದಂತೆ ಬೈದೆ. ಕೇಳಿಸಿಕೊಂಡವರು ನನ್ನ ಗಂಡ. “ನಾನು ಮೊದ್ಲೇ ಹೇಳಿದ್ನಲ್ಲ, ಆಟೋ ತಗೋಬ್ಯಾಡ್ರಿ ಅಂತ,” ಎಂದರು.

ಗುರುವಾರಕ್ಕೆ ಮುಂಚಿನ ಭಾನುವಾರ ಅಂಜನಾಪುರದಲ್ಲಿ ನಮ್ಮ ನೆಂಟರ ಬೀಗರೂಟ. ಏಪ್ರಿಲ್ ಬಿಸಿಲು. ನಾನು ಹಿಂದಿನ ದಿನವೇ ಆನವಟ್ಟಿಗೆ, ಅಕ್ಕನ ಮನೆಗೆ ಹೋಗಿದ್ದೆ. ನನ್ನ ಗಂಡ ಶಿಕಾರಿಪುರದ ನಮ್ಮ ಮನೆಯಿಂದ ನೇರ ಅಂಜನಾಪುರಕ್ಕೆ ಬರುವುದಾಗಿತ್ತು. ಭಾವ ಕಾರು ಹೊರಡಿಸಿದರು, ಅಕ್ಕ ಅವರ ಪಕ್ಕ, ನಾನು ಹಿಂದೆ. ಯುಗಾದಿಗೆ ಭಾವ ಕಾರಿಗೆ ಪೂಜೆ ಮಾಡಿಸಿ ಮನೆದೇವರ ದೊಡ್ಡ ಫೋಟೊ ಇಟ್ಟಿದ್ದರು. ಡ್ಯಾಶ್‌ಬೋರ್ಡ್ ಇಳಿಜಾರಾಗಿದ್ದರಿಂದ ದೇವರು ಜಾರಿ ಬೀಳುತ್ತಿದ್ದ. ಅದಕ್ಕೇ ಫೋಟೊದ ಚೌಕಟ್ಟಿಗೆ ತಂತಿ ಬಿಗಿದು, ನಡುವೆ ಪರದೆಯ ಮೇಲ್ಗಡೆ ಗಾಳಿ ಬರುವ ಕಿಂಡಿಗೇ ಸಿಕ್ಕಿಸಿದ್ದರು. “ದೇವ್ರಿಗೂ ಗಾಳಿ ಬೇಕಲ್ಲ,” ಎಂದು ತಮ್ಮ ಜಾಣತನಕ್ಕೆ ತಾವೇ ನಕ್ಕಿದ್ದರು.

ಊರು ದಾಟುವಷ್ಟರಲ್ಲಿ ಕಾರಿನೊಳಗೆ ಬಿಸಿ ಗಾಳಿ ಸುತ್ತತೊಡಗಿತು. ಅಕ್ಕನ ಕುಂಕುಮ ಕರಗಿ ಮೂಗಿಗಿಳಿಯಿತು. “ರೀ, ಗಾಜಾದ್ರೂ ಇಳಸ್ರಿ,” ಎಂದಳು. ಆಟೋ ಹಾಕಿದಾಗ ಗಾಜು ಇಳಿಸಿದರೆ ಲೆಕ್ಕ ತಪ್ಪುತ್ತದೆ ಎಂದು ಭಾವ ಗಾಜನ್ನು ತಮ್ಮ ಕಡೆಯ ಬಟನ್ನಿನಿಂದ ಲಾಕ್ ಮಾಡಿಟ್ಟಿದ್ದರು. ಹಿಂದೆ ನನ್ನ ಕುಪ್ಪಸ ಬೆನ್ನಿಗೆ ಅಂಟಿತ್ತು.

“ಭಾವ, ನನಗೂ ತಡಿಯಕ್ಕಾಗ್ತಿಲ್ಲ,” ಎಂದೆ.

“ಅಕ್ಕನ ರೋಗ ನಿಂಗೂ ಹತ್ಕೊಂತಾ?” ಎಂದರು ಭಾವ.

ಹಾಗನ್ನುವಾಗ ಅವರ ಮೀಸೆಯ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ನಾನು ಅದನ್ನು ತೋರಿಸಿದೆ. ಬೆಳಿಗ್ಗೆ ಮಂಡಕ್ಕಿಯ ಜೊತೆ ತಿಂದ ಮೆಣಸಿನಕಾಯಿ ಖಾರ ಇತ್ತಂತೆ, ಅದಕ್ಕಂತೆ. ತನ್ನ ಮೈಯ ಬೆವರನ್ನೂ ನಂಬದೆ ಹಸಿರು ಅಂಕಿಯನ್ನು ನಂಬುವ ಗಂಡಸನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಶಿರಾಳಕೊಪ್ಪ ಬಿಟ್ಟ ಮೇಲೆ ರಸ್ತೆ ಬದಿಯಲ್ಲಿ ಒಂದು ಗುಡಿ ಬಂತು. ಗುಡಿ ಕಂಡರೆ ಅಕ್ಕ ಮುಂದಿರುವ ಫೋಟೊ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ರೂಢಿ. ಮುಟ್ಟಿದಳು. ಬೆರಳು ಕಣ್ಣಿಗೆ ತಂದವಳು ಹಾಗೇ ತಡೆದಳು. ಮತ್ತೆ ಮುಟ್ಟಿದಳು, ಈ ಸಲ ಅಂಗೈ ಇಟ್ಟು.

“ದೇವ್ರು ತಣ್ಣಗವ್ನೆ!” ಎಂದಳು.

ಅಂದವಳೇ ತಂತಿ ಸಮೇತ ಫೋಟೊ ಕಿತ್ತು ಕೆನ್ನೆಗೆ ಒತ್ತಿಕೊಂಡಳು. ಕಿಂಡಿಯಿಂದ ಐಸಿನಂಥ ಗಾಳಿ ಅವಳ ಮುಖಕ್ಕೆ ಬಂತು. ಭಾವ, “ದೇವ್ರನ್ನ ಕಿತ್ತಲ್ಲೇ!” ಎಂದು ಕೂಗಿ ಕಾರು ಪಕ್ಕಕ್ಕೆ ಹಾಕಿದರು. ಬಗ್ಗಿ ನೋಡಿದರು, ಕೈ ಒಡ್ಡಿದರು, ಫೋಟೊ ಹಿಡಿದು ತೆಗೆದು ಪರೀಕ್ಷೆ ಮಾಡಿದರು. ನಡೆದದ್ದು ಇಷ್ಟು: ನಡುವಿನ ಕಿಂಡಿಯಿಂದ ಬರುವುದು ತಂಪು ಗಾಳಿ ಮಾತ್ರ, ಅದು ದೇವರ ಬೆನ್ನಿಗೆ ಬಡಿದು, ಕೆಳಗಿನ ಜಾಲರಿಗೆ ಇಳಿದು, ಸೆನ್ಸರಿಗೆ ಮಾತ್ರ ತಾಗುತ್ತಿತ್ತು. ಅದಕ್ಕೆ ಚಳಿಯಾಯಿತು. ತನಗೆ ಚಳಿಯಾದ್ದರಿಂದ ಎಲ್ಲರಿಗೂ ಚಳಿಯಾಗಿರಬೇಕೆಂದು ಅದು ಉಳಿದ ಕಿಂಡಿಗಳಿಂದ ನಮಗೆ ಬಿಸಿ ಗಾಳಿ ಬಿಟ್ಟಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಎ.ಸಿ. ಕೊಟ್ಟ ವರಕ್ಕೆ ದೇವರನ್ನೇ ಅಡ್ಡ ನಿಲ್ಲಿಸಿದ್ದರು.

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಭಾವ ಈಗಾದರೂ ತಲೆ ತಗ್ಗಿಸುತ್ತಾರೆ ಎಂದುಕೊಂಡೆ. ಬಿದ್ದರೂ ಮೀಸೆ ಮಣ್ಣಾಗದ ಜಾತಿ ಅದು. “ನೋಡಿದ್ರಾ? ಮಿಷನ್ನಿಂದು ಏನೂ ತಪ್ಪಿಲ್ಲ. ಅದಕ್ಕೆ ತಂಪಾತು, ತಂಪು ಅಂತು,” ಎಂದು ಹೆಮ್ಮೆಯಿಂದ ಹೇಳಿ ಕಾರು ಹೊರಡಿಸಿದರು. ಭಾವನಿಗೂ ಆ ಜಾಲರಿಯೊಳಗಿನ ಸೆನ್ಸರಿಗೂ ಏನು ವ್ಯತ್ಯಾಸ ಎಂದು ನಾನು ದಾರಿಯುದ್ದಕ್ಕೂ ಹುಡುಕಿದೆ. ಸಿಗಲಿಲ್ಲ.

ಸಂತೋಷ ಹೆಚ್ಚು ದೂರ ಬರಲಿಲ್ಲ. ಶಿಕಾರಿಪುರ ದಾಟಿ ಅಂಜನಾಪುರದ ದಾರಿ ಹಿಡಿದಾಗ ಕಾರು ನಿಜಕ್ಕೂ ತಂಪಾಗಿತ್ತು. ಹಿಂದೆ ಕೂತ ನನ್ನ ಬೆನ್ನೂ ಆರಿತ್ತು. ಆಗ ಅಕ್ಕನ ಕುತ್ತಿಗೆ ಕೆಳಗಿನಿಂದ ಮೇಲಕ್ಕೆ ಕೆಂಪಾಗುವುದನ್ನು ಕಂಡೆ. ತೊಡೆಯ ಮೇಲಿದ್ದ ಫೋಟೊವನ್ನು ಕುತ್ತಿಗೆಗೆ ಒತ್ತಿಕೊಂಡು, “ಸೆಕೆ,” ಎಂದಳು, ತನಗೆ ತಾನೇ ಅನ್ನುವ ಹಾಗೆ.

“ಈಗಂತೂ ಮಿಷನ್ ಸರಿಯಾಗೈತಲ್ಲ, ಈಗೇನು ನೆಪ?” ಎಂದರು ಭಾವ. “ಗುರುವಾರ ತಪ್ಪಿಸೋ ಹಂಗಿಲ್ಲ ಮತ್ತೆ.”

ಮಿಷನ್ ಸುಳ್ಳಾಡುತ್ತದೆ ಎಂದು ತೋರಿಸಿಕೊಟ್ಟಾಯಿತು, ಅಕ್ಕ ಗೆದ್ದಳು ಎಂದು ನಾನು ಕುಣಿದಿದ್ದೆ. ಈಗ ಅದು ನಿಜ ಹೇಳುತ್ತಿತ್ತು, ಅಕ್ಕನ ಕಥೆ ಮೊದಲಿದ್ದಲ್ಲೇ ಇತ್ತು. ಆದರೆ ಅಕ್ಕ ಈ ಸಲ ಹಿಂತಿರುಗಿ ನನ್ನ ಕಡೆ ನೋಡಲಿಲ್ಲ. ಸೆಕೆ ಐತಾ ಎಂದು ಕೇಳಲೂ ಇಲ್ಲ.

ಊಟದಲ್ಲಿ ಅವಳು ಎಲ್ಲರ ಜೊತೆ ನಗುತ್ತಾ ಮಾತಾಡಿದಳು. ಕೈ ತೊಳೆದು ಬಂದು ನನ್ನ ಗಂಡನಿಗೆ, “ನಿಮ್ ಕಾರಾಗೆ ಬರ್ತೀನ್ರೀ. ಆನವಟ್ಟಿಗೆ ಬಿಟ್ಟು ಬರ್ರಿ,” ಎಂದಳು. ಷಡ್ಡಕನ ಹೆಂಡತಿ ಷಡ್ಡಕನ ಕಾರು ಬಿಟ್ಟು ತಮ್ಮ ಕಾರು ಕೇಳಿದ್ದು ನನ್ನ ಗಂಡನಿಗೆ ಚುನಾವಣೆ ಗೆದ್ದಷ್ಟಾಯಿತು. “ಬರ್ರಿ ಅತ್ತಿಗೆ, ಮ್ಯಾನುವಲ್ ಅಂದ್ರೆ ಏನಂತ ತೋರಿಸ್ತೀನಿ,” ಎಂದು ಭಾವನಿಗೆ ಕೇಳುವ ಹಾಗೆ ಹೇಳಿದರು. ಭಾವ ಒಬ್ಬರೇ ಮುಂದೆ ಹೊರಟುಹೋದರು. ನಾನು ಮತ್ತೆ ಹಿಂದೆ ಮಡಚಿಕೊಂಡು ಕೂತೆ.

ನನ್ನ ಗಂಡ ಹದದ ಬಗ್ಗೆ ಬಾಯಿ ತೆರೆಯುವ ಮೊದಲೇ ಅಕ್ಕ ಕೈ ಚಾಚಿದಳು. ಗಾಳಿಯ ನಾಬನ್ನು ಕೊನೆತನಕ ತಿರುಗಿಸಿದಳು. ನೀಲಿಯನ್ನು ಇನ್ನು ತಿರುಗದಷ್ಟು ತಿರುಗಿಸಿದಳು. ಇನ್ನೊಂದನ್ನು ಮುಖದ ಕಡೆಗಿಟ್ಟಳು. ನನ್ನ ಗಂಡನ ಎಡಗೈ ತಾನಾಗಿಯೇ ಎದ್ದು ಬಂತು, ಒಂದು ಚಿಟಿಕೆ ಕಡಿಮೆ ಮಾಡಲಿಕ್ಕೆ.

“ಕೈ ತೆಗೀರಿ,” ಎಂದಳು ಅಕ್ಕ.

ತೆಗೆದರು. ಆನವಟ್ಟಿ ತಲುಪುವವರೆಗೂ ಆ ಕೈ ಗೇರಿನ ಮೇಲೇ ಇತ್ತು, ಪಾಪ, ಏನು ಮಾಡಬೇಕೆಂದು ಅದಕ್ಕೆ ತಿಳಿದಿರಲಿಲ್ಲ. ಮುಂದಿನ ಗಾಳಿ ಎಷ್ಟು ಜೋರಾಗಿತ್ತೆಂದರೆ ಮೊದಲ ಸಲ ಹಿಂದಿನ ಸೀಟಿಗೂ ಬಂತು. ನನಗೆ ಚಳಿಯಾಯಿತು. ಸೆರಗನ್ನು ತಲೆತುಂಬ ಹೊದ್ದುಕೊಂಡು ಸುಮ್ಮನೆ ಕೂತೆ. ಅಕ್ಕನ ಬೆನ್ನು ಸೀಟಿಗೆ ಒರಗಿತ್ತು. ಅಷ್ಟು ನೆಮ್ಮದಿಯಿಂದ ಅವಳು ಕೂತದ್ದನ್ನು ನೋಡಿ ಬಹಳ ದಿನವಾಗಿತ್ತು.

ಭಾವ ನಮಗಿಂತ ಮುಂಚೆ ಮನೆ ಸೇರಿ ಜಗಲಿಯ ಮೇಲೆ ನಿಂತಿದ್ದರು. ಅಕ್ಕ ಇಳಿದು ಬರುವಾಗ ಅವರ ಕಣ್ಣು ಅವಳ ಮುಖದ ಮೇಲಿತ್ತು. ಬೆವರಿರಲಿಲ್ಲ.

“ಎಷ್ಟಿಟ್ಟಿದ್ರಿ?” ಎಂದು ಕೇಳಿದರು.

“ನಂಗೆ ಬೇಕಾದಷ್ಟು,” ಎಂದಳು ಅಕ್ಕ. ತನ್ನ ಜೊತೆಗೇ ತಂದಿದ್ದ ಮನೆದೇವರ ಫೋಟೊವನ್ನು ಅವರ ಕೈಯಲ್ಲಿಟ್ಟು ಮೆಟ್ಟಿಲು ಹತ್ತಿದಳು. “ನಾಳೆ ನಾನು ಬಸ್ಸಿಗೆ ಶಿಕಾರಿಪುರಕ್ಕೆ ಹೊಂಟೀನಿ, ಹೆಂಗಸ್ರ ಡಾಕ್ಟ್ರ ಹತ್ರ. ಗುರುವಾರ ಶಿವಮೊಗ್ಗಕ್ಕೆ ನೀವೇ ಹೋಗಿ ಬರ್ರಿ.”