ಸೂಜಿ ಅತ್ತೆ ಮತ್ತು ಹೊಸಬರ ಚಪ್ಪಲಿ

ಅಕ್ಯುಪಂಕ್ಚರ್ ಎಂಬ ಚೀನೀ ಸೂಜಿ ಚಿಕಿತ್ಸೆಯ ವೈದ್ಯರನ್ನು ಕಾಣಬೇಕಾದರೆ ಹೊಸ ರೋಗಿ ಮೊದಲು ಸೂಜಿ ಅತ್ತೆಯನ್ನು ದಾಟಬೇಕು. ಆಕೆಯೂ ಸೊಂಟನೋವಿಗೆಂದು ಬಂದ ರೋಗಿಯೇ, ಆದರೆ ಬಾಗಿಲ ಪಕ್ಕದ ಕುರ್ಚಿಯನ್ನು ಯಾರೋ ಆಕೆಯ ಹೆಸರಿಗೆ ಬರೆದುಕೊಟ್ಟಂತಿದೆ. ಹೊಸಬರು ಚಪ್ಪಲಿ ಬಿಟ್ಟ ಕೂಡಲೇ ಅದನ್ನು ಕಾಲಿನಿಂದ ತನ್ನ ಕುರ್ಚಿಯಡಿಗೆ ಎಳೆದುಕೊಳ್ಳುತ್ತಾಳೆ. "ಇಲ್ಲಿ ಚಪ್ಪಲಿ ಕಳ್ಳರು ಜಾಸ್ತಿ" ಎಂಬ ನೆಪ ಬೇರೆ. ಆಮೇಲೆ ಪಾಠ ಶುರು. "ಕಾಫಿ ಕುಡ್ದು ಬಂದ್ರಾ? ಕೆಲಸ ಕೆಡಿಸಿದ್ರಿ! ನಾಲಿಗೆ ಬಣ್ಣ ನೋಡೇ ಡಾಕ್ಟ್ರು ಹೊಟ್ಟೆ ವಿಷ್ಯ ಹೇಳೋದು. ಎಲ್ಲಿ, ಚಾಚಿ." ವೈದ್ಯರು ಬಾಗಿಲು ತೆರೆದಾಗ ಸಾಲಾಗಿ ನಾಲ್ಕು ನಾಲಿಗೆಗಳು ಅವರನ್ನು ಸ್ವಾಗತಿಸುವುದುಂಟು. "ಎರಡೂ ಕೈ ನಾಡಿ ಹಿಡೀತಾರೆ. ನಿದ್ದೆ ಕೇಳ್ತಾರೆ, ಕನಸೂ ಕೇಳ್ತಾರೆ, ನಾಚ್ಕೋಬೇಡಿ. ಸೂಜಿ ಇರುವೆ ಕಚ್ಚಿದಷ್ಟೂ ನೋಯಲ್ಲ. ಅರ್ಧ ಗಂಟೆ ಅಲ್ಲಾಡ್ದೆ ಮಲಗಿದ್ರೆ ಗೊರಕೆ ಗ್ಯಾರಂಟಿ." ವೈದ್ಯರು ಬರೆದುಕೊಡುವ ಚೀನೀ ಬೇರುಗಳ ಕಷಾಯದ ಮಾತು ಬಂದಾಗ ಮಾತ್ರ ಆಕೆಗೂ ಸುಳ್ಳು ಹೇಳಲು ನಾಲಿಗೆ ಏಳುವುದಿಲ್ಲ: "ಅದು ಕುದಿಯೋವಾಗ ಮನೆಯೋರೆಲ್ಲ ಬೀದೀಲಿ ನಿಲ್ತಾರೆ. ಮೂಗು ಹಿಡ್ಕೊಂಡು ಕುಡೀರಿ." ನನ್ನ ಮೊದಲ ಸರದಿಯಲ್ಲಿ ಮೈತುಂಬ ಸೂಜಿ ಹೊತ್ತು ಮಲಗಿದ್ದಾಗ, ಅತ್ತೆಯ ಸೊಂಟನೋವು ಎಂದಿಗೆ ವಾಸಿಯಾದೀತು ಎಂದು ನಾನು ವೈದ್ಯರನ್ನು ಕೇಳಿದೆ. "ವಾಸಿಯಾಗಿ ಮೂರು ವರ್ಷ ಆಯ್ತು" ಎಂದರು. "ಅವ್ರೇ ಮೊದಲ ದಿನ ಸೂಜಿ ನೋಡಿ ಚಪ್ಪಲಿ ಮೆಟ್ಕೊಂಡು ಓಡಿದೋರು ಎರಡು ವರ್ಷ ಈ ಕಡೆ ಸುಳೀಲಿಲ್ಲ. ಆ ಎರಡು ವರ್ಷಾನೂ ಗೋಡೆ ಹಿಡ್ಕೊಂಡೇ ಓಡಾಡಿದ್ರಂತೆ." ನಾನು ಹೊರಗೆ ಬಂದಾಗ ಸೂಜಿ ಅತ್ತೆ ನನ್ನ ಮುಖವನ್ನೊಮ್ಮೆ ನೋಡಿ, ಕುರ್ಚಿಯಡಿಯಿಂದ ನನ್ನ ಚಪ್ಪಲಿಯನ್ನು ಕಾಲಲ್ಲೇ ಮುಂದಕ್ಕೆ ತಳ್ಳಿದಳು. "ಈಗ ಹೋಗ್ಬಹುದು."